ಪಾಸ್‌ಪೋರ್ಟ್ ಸೈಜು

ವಾಸ್ಕೋ ಬಸ್ಸು ನಸುಕಿನಾಗ ಬಂದು
ಮಂದೀನ ಸ್ಟ್ಯಾಂಡಿನಾಗ ಸುರುವಿ ಹೋಗತೈತಿ.
ಒಂಬತ್ತಕ್ಕ ನಾ ಶಟರ್ ಎತ್ತೂದ್ರಾಗ
ಕಟ್ಟಿ ಮ್ಯಾಲ ಕುಂತಿರತಾರ,
ಗಂಟು, ಗೋಣಿಚೀಲ, ಉಗುರಿನಾಗ ಸಿಮೆಂಟು.
ಎಲ್ಲರಿಗೂ ಬೇಕಾದದ್ದು ಒಂದ:
ಎಂಟು ಪ್ರತಿ, ಪಾಸ್‌ಪೋರ್ಟ್ ಸೈಜು.
ಪಾಸ್‌ಪೋರ್ಟ್ ಯಾರ ಹಂತೇಕೂ ಇಲ್ಲ.
ಗೋವಾಕ ಅದು ಬೇಕಾಗೂದಿಲ್ಲ,
ಅನಮೋಡ ಘಾಟ ಇಳದರ ಸಾಕು,
ಹೆಸರು ತಾನ ಬದಲಾಗತೈತಿ.

ಮೊನ್ನೆ ಬಂದಾಕಿ ಗಮಲಿಬಾಯಿ.
ಇಂಡಿ ರಸ್ತಾದ ಕಡೆ ತಾಂಡಾ.
ಮೂವತ್ತು ವರ್ಷ ಉಸುಕಿನ ಮ್ಯಾಲ ನಡದು
ಮಣಿಸರ, ಕನ್ನಡಿ ಚೀಲ ಮಾರಿದಾಕಿ.
ಮೈಮ್ಯಾಲ ನೈಲಾನ್ ಸೀರಿ, ಕೈ ಬರೇ.
"ಫೇಟಿಯಾ ಎಲ್ಲಿ, ಬಾಯಿ?"
"ಮಾರೀನಿ. ರಶಿಯಾದಾಕಿ ಒಬ್ಬಾಕಿ
ಗ್ವಾಡಿಗೆ ತೂಗಹಾಕಾಕ ಒಯ್ದಳು.
ನಮ್ಮ ಯಾಡಿ ಎರಡು ಚಳಿಗಾಲ ಹೊಲದದ್ದು.
ಆ ರೊಕ್ಕದಾಗ ಮಗಳ ಬಾಣಂತನ ಆತು."

ಲೈಟ್ ಹಚ್ಚಿ ಕುಂದರಿಸಿದೆ.
ಗದ್ದ ಮ್ಯಾಲ. ನಗಬ್ಯಾಡ.
ನಕ್ಕ ಮಾರಿ ಸರಕಾರಕ್ಕ ನಡಿಯೂದಿಲ್ಲ.

ಫೋಟೋ ಆದ ಮ್ಯಾಲ ಎದ್ದು ಹೋಗಲಿಲ್ಲ.
ಸೆರಗಿನ ಗಂಟು ಬಿಚ್ಚಿ
ಒಂದು ಪೋಸ್ಟ್‌ಕಾರ್ಡ್ ತಗದಳು.
ಮಾಸಿದ ಸಮುದ್ರ. ಮುಂದ ಇಪ್ಪತ್ತರ ಹುಡುಗಿ,
ಕಿವಿ ಬಾಜೂಕ ಜೋತ ಬಿದ್ದ ಘೂಗ್ರಿ,
ಹೆಗಲ ತನಕಾ ಬಲಿಯಾ,
ಎದಿ ತುಂಬ ಕನ್ನಡಿ.
"ಕೆಳಗ ಏನ ಬರದಾರ, ಓದು."
ಬಂಗಾರದ ಇಂಗ್ಲೀಷ್ ಅಕ್ಷರ: ಗೋವಾದ ಜಿಪ್ಸಿ.
"ಹೆಸರು?"
"ಇಲ್ಲ."
"ತಾಂಡಾ?"
"ಅದೂ ಇಲ್ಲ. ಹಿಂದ ರೇಟ್ ಐತಿ, ಇಪ್ಪತ್ತು."
"ಹೌದು, ಇಪ್ಪತ್ತು ಕೊಟ್ಟ ತಂದೀನಿ.
ಅಂಗಡ್ಯಾಂವ ಎಂಟಾಣೆ ಬಿಡಲಿಲ್ಲ,
ತಲಿ ಎತ್ತಿ ನೋಡಲೂ ಇಲ್ಲ,
ನನ್ನ ಮಾರಿ ನನಗ ಮಾರಿದ."

ಚಹಾ ತರಿಸಿದೆ. ಬಶಿಯಾಗ ಸುರುವಿಕೊಂಡು
ತನ್ನಷ್ಟಕ್ಕ ತಾನ ಹೇಳಿದಳು:
ಅಲ್ಲಿ ಘಾಟಿ ಅಂತಾರ ನಮಗ.
ಇಲ್ಲಿ ಇಳದ್ರ, ನೋಡು, ಗೋವಾದಾಕಿ ಬಂದ್ಲು.
ನವೆಂಬರ್ ಒಂದಕ್ಕ ಅಲ್ಲಿ ಸಂಘದವರು ಬಂದು
ನಮ್ಮ ಹುಡುಗ್ಯಾರ್ನ ಕರಕೊಂಡ ಹೋಗಿ
ಬಾಡಿಗಿ ಫೇಟಿಯಾ ಉಡಿಸಿ ಕುಣಸತಾರ.
ಕನ್ನಡಿ ಎಲ್ಲಾ ಪ್ಲಾಸ್ಟಿಕ್ಕು,
ಯಾರ ಮಾರೀನೂ ಕಾಣೂದಿಲ್ಲ ಅದರಾಗ.

"ನೀವೇನಂತೀರಿ ನಮ್ಮಂಥವರಿಗೆ?" ಅಂದೆ.
"ಕೋರ್. ಗೋರ್ ಅಲ್ಲದವರೆಲ್ಲಾ ಕೋರ್.
ನೀನೂ ಕೋರ್. ಸಂಘದವರೂ ಕೋರ್. ರಶಿಯಾದಾಕೀನೂ."
ಒಂದ ಅಕ್ಷರದಾಗ ಎಲ್ಲಾರ್ನೂ ಹೊರಗ ಹಾಕಿ
ಚಹಾ ಸುರ್ರಂತ ಎಳದಳು.
ಸಿಟ್ಟು ಬರಬೇಕಿತ್ತು, ಬರಲಿಲ್ಲ.
ಮಿರಜದಾಗ ನಮ್ಮಪ್ಪ ಸಾಯೂತನಕ
ಬಿಜಾಪುರದಾಂವ ಆಗಿದ್ದ, ದಸ್ತಗೀರ ಆಗಲಿಲ್ಲ.
ಈ ಊರ ಹೆಸರು ಬದಲಾಗಿ ಎಷ್ಟೋ ವರ್ಷ ಆತು,
ನನ್ನ ಬೋರ್ಡಿನ ಮ್ಯಾಲ ಇನ್ನೂ ಬಿಜಾಪುರ ಐತಿ.
ಪೇಂಟರ್ ಭಾಳ ಕೇಳತಾನ.

"ಆ ಅಕ್ಷರ ಅಳಿಸು. ನನ್ನ ಹೆಸರು ಹಾಕು."
ಕಾರ್ಡು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆ,
ಮತ್ತ ದೊಡ್ಡದು. ಚುಕ್ಕಿ ಚುಕ್ಕಿ ಆತು.
ಎದಿ ಮ್ಯಾಲಿನ ಒಂದು ಕನ್ನಡಿಯೊಳಗ
ಸಾಸಿವಿಯಷ್ಟು ಒಬ್ಬ ಮನಶ್ಯಾ,
ಟೊಪಗಿ, ಬಾಗಿದ ಬೆನ್ನು, ಕಣ್ಣಿಗೆ ಕ್ಯಾಮೆರಾ.
ಬಾಜೂಕಿನ ಕನ್ನಡ್ಯಾಗೂ ಅಂವನ.
ಅದರ ಬಾಜೂಕಿಂದ್ರಾಗೂ.
"ಅಂವನ," ಅಂದ್ಲು, "ಐಸ್‌ಕ್ರೀಮ್ ಕೊಡಿಸಿದ್ದ."
"ತಗೀಲೇನು ಇವನ್ನ?"
ಭಾಳ ಹೊತ್ತು ನೋಡಿದಳು.
"ಇರಲಿ ಬಿಡು. ಅಂವನ ಹೆಸರೂ
ಯಾರಿಗೂ ಗೊತ್ತಿಲ್ಲಲ್ಲ."

ಟೈಪ್ ಮಾಡಿದೆ: ಗಮಲಿ, ಥಾವರ್ಯಾನ ಮಗಳು.
"ಊರು?"
ಹೊರಗ ಟಂಟಂ ಒಂದು ಹಾರ್ನ್ ಹೊಡಕೋತ ನಿಂತಿತ್ತು.
ಬಾಯಿ ತಗದಳು, ಮುಚ್ಚಿದಳು,
ಸೆರಗು ಸರಿ ಮಾಡಿಕೊಂಡಳು.
"ಜಾಗಾ ಬಿಡು. ಹೇಳತೀನಿ ಆಮ್ಯಾಲ."

ಎಂಟು ಪ್ರತಿ ಒಯ್ದಾಳ.
ಕಾರ್ಡಿಂದು ಇನ್ನೂ ಮಶೀನಿನಾಗ ಐತಿ,
ಹೆಸರಿನ ಮುಂದ ಕರ್ಸರ್ ಒಂದ ಸಮನ ಬಡಕೋತ.
ರೊಕ್ಕ ಮಾತ್ರ
ಪೂರಾ ಕೊಟ್ಟ ಹೋಗ್ಯಾಳ.